ಅವರ ಕಣ್ಣಿಗೆ ಹೊಂದಿಸಿದ ದುರ್ಬೀನು

"ರೀ, ಹುಷಾರು!"

ಹಿಂದಿನಿಂದ ಯಾರೋ ಅವಳ ಜಾಕೆಟ್ಟಿನ ಟೊಪ್ಪಿ ಹಿಡಿದು ಎಳೆದರು. ಡೆಕ್ಕಿನ ಕಂಬಿಯ ಮೇಲೆ ಅರ್ಧ ಬಾಗಿದ್ದವಳು ಎಳೆದವನ ಎದೆಗೇ ಡಿಕ್ಕಿ ಹೊಡೆದಳು!

"ತಿಮಿಂಗಿಲ ನೋಡೋಕೆ ಬಂದಿದ್ದೀರೋ, ಅದಕ್ಕೆ ಊಟ ಆಗೋಕೆ ಬಂದಿದ್ದೀರೋ?"

ಹಡಗಿನ ಗೈಡ್, ನಮ್ಮ ಕನ್ನಡದವನೇ! ಬೆಳಗ್ಗೆಯಿಂದ ಮೈಕಿನಲ್ಲಿ ಬಾಯಿ ನೋಯುವಷ್ಟು ಮಾತಾಡುತ್ತಿದ್ದವನು. ಅವಳ ಮುಖ ಕೆಂಪಾಯಿತು.

"ಏನೂ ಕಾಣ್ತಿಲ್ಲ... ಬರೀ ಮಬ್ಬು."

"ಎಲ್ಲಿ, ಕೊಡಿ." ಅವಳ ಕೊರಳಿಗೆ ನೇತುಹಾಕಿದ್ದ ದುರ್ಬೀನಿನ ಕಡೆಗೇ ಅವನು ಬಾಗಿದ. ಬಲಗಣ್ಣಿನ ಗಾಜಿನ ಸುತ್ತ ಇರುವ ಸಣ್ಣ ಬಳೆಯನ್ನು ಮೆಲ್ಲಗೆ ತಿರುಗಿಸಿದ. "ಒಬ್ಬೊಬ್ಬರ ಕಣ್ಣು ಒಂದೊಂದು ತರ. ಇದು ಇನ್ಯಾರದೋ ಕಣ್ಣಿಗೆ ಹೊಂದಿಸಿದ್ದು. ಈಗ ನೋಡಿ."

ನೋಡಿದಳು... ಅಬ್ಬಾ! ತಿಮಿಂಗಿಲದ ಬಾಲ ನೀರಿನಿಂದ ಎದ್ದಿತು. ಅದರ ಅಂಚಿನಿಂದ ಸೋರುವ ಒಂದೊಂದು ಹನಿಯೂ ಕಾಣುತ್ತಿತ್ತು. ಅವಳು ಜೋರಾಗಿ ನಕ್ಕುಬಿಟ್ಟಳು.

ಮರುಕ್ಷಣವೇ ದುರ್ಬೀನನ್ನು ಎದೆಗೆ ಒತ್ತಿಕೊಂಡಳು.

"ಏನ್ ಮಾಡಿದ್ರಿ ನೀವು? ಇದನ್ನ ಮುಟ್ಟೋಕೆ ಯಾರು ಹೇಳಿದ್ದು ನಿಮಗೆ?"

ಕಣ್ಣು ತುಂಬಿಕೊಂಡು ಮೆಟ್ಟಿಲಿಳಿದು ಓಡಿದಳು. ಪಾಪ, ಉಪಕಾರ ಮಾಡಲು ಹೋದವನು ಬೆಪ್ಪಾಗಿ ನಿಂತ.

ಆ ದುರ್ಬೀನು ಅವಳ ಗಂಡನದು. ಹಕ್ಕಿ ನೋಡುವ ಹುಚ್ಚು ಆ ಮನುಷ್ಯನಿಗೆ. ಈ ಹಿಮನದಿಯ ಪ್ರವಾಸವೂ ಅವನದೇ ಕನಸು. ಮೂರು ವರ್ಷದ ಹಿಂದೆ ಜ್ವರ ಅಂತ ಮಲಗಿದವನು ಮತ್ತೆ ಏಳಲಿಲ್ಲ. "ಅತ್ತೆ, ಇದು ಅವರ ಕಣ್ಣಿಗೆ ಹೊಂದಿಸಿದ್ದು. ಹಾಗೇ ಇರಲಿ," ಎಂದು ಅವಳು ಅಂದಿದ್ದಳು. ಅತ್ತೆ ತಲೆ ಆಡಿಸಿದ್ದರು. ಅಂದಿನಿಂದ ಆ ಬಳೆಯನ್ನು ಯಾರೂ ತಿರುಗಿಸಿರಲಿಲ್ಲ. ಮಬ್ಬಾದರೂ ಸರಿ, ಅದು ಅವರ ನೋಟ!

ಈಗ ಅದೂ ಹೋಯಿತು. ಅದು ಹೋದ ಗಳಿಗೆಯಲ್ಲಿ ನಾನು ನಕ್ಕೆನಲ್ಲ... ಛೀ!

ಸಂಜೆ ಗೈಡ್ ಹುಡುಕಿಕೊಂಡು ಬಂದ. ಅವಳು ಸಿಡುಕುತ್ತಲೇ ವಿಷಯ ಹೇಳಿದಳು. ಅವನು ತಲೆ ತಗ್ಗಿಸಿದ.

"ತಪ್ಪಾಯ್ತು. ಆ ಬಳೆ ಮೊದಲು ಎಲ್ಲಿತ್ತು ಅಂತ ನನಗೆ ನೆನಪಿದೆ. ಗುರುತು ನೋಡಿದ್ದೆ. ವಾಪಸ್ ತಿರುಗಿಸಿ ಕೊಡ್ತೀನಿ."

ಹೂಂ ಅನ್ನಬೇಕಿತ್ತು. ಅಷ್ಟರಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಸೀಲ್ ಪ್ರಾಣಿಯೊಂದು ತನ್ನ ಮರಿಯನ್ನು ಪಕ್ಕಕ್ಕೆ ಎಳೆದುಕೊಂಡು ಮಲಗಿದ್ದು ಕಂಡಿತು.

"ಇದೊಂದು ನೋಡಿಬಿಡ್ತೀನಿ... ನಾಳೆ ತಿರುಗಿಸಿ."

ಮರುದಿನ ದಡದಲ್ಲಿ ಕರಡಿ. "ಇದೊಂದು..." ಅದರ ಮರುದಿನ ಬೆನ್ನ ಮೇಲೆ ತೇಲುವ ನೀರುನಾಯಿ, ಎದೆಯ ಮೇಲೆ ಅದರ ಮರಿ. "ಇದೊಂದೇ, ಆಮೇಲೆ ಖಂಡಿತ!"

"ಸರಿ ಟೀಚರ್," ಎಂದು ಅವನು ನಗುತ್ತಿದ್ದ. ಅವಳು ಚಿಕ್ಕ ಮಕ್ಕಳಿಗೆ ಡ್ರಾಯಿಂಗ್ ಕಲಿಸುವವಳು. ಅವಳು ಬರೆದ ಕರಡಿಯ ಚಿತ್ರ ನೋಡಿ, "ಇದು ನನ್ನ ಮೇಲಧಿಕಾರಿ ಇದ್ದ ಹಾಗಿದೆ," ಎಂದ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಹೆಜ್ಜೆಯ ಸದ್ದು ಈಗ ಅವಳಿಗೆ ಗೊತ್ತಾಗುತ್ತಿತ್ತು.

ಪ್ರವಾಸಕ್ಕೆ ಜೊತೆಗೆ ಬಂದಿದ್ದ ಅತ್ತೆ, ಕ್ಯಾಬಿನ್ನಿನಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳುತ್ತಿದ್ದರು. "ದುರ್ಬೀನು ಎಲ್ಲೇ?"

"ಗಾಜಿಗೆ ಹಬೆ ಕಟ್ಟಿದೆ ಅತ್ತೆ, ಒಣಗ್ಲಿ."

ಸುಳ್ಳು! ಜೀವನದಲ್ಲಿ ಮೊದಲ ಸಲ ಅತ್ತೆಯ ಹತ್ತಿರ ಸುಳ್ಳು!

"ನಾಳೆ ಹಿಮನದಿ ಅಂತೆ," ಅಂದರು ಅತ್ತೆ. "ನಾಳೆ ಬೇಕು ಕಣೇ. ಅದಕ್ಕೇ ಬಂದಿದ್ದಲ್ವಾ."

ಗಂಡನ ನೆನಪಿಗೆ ಅಂತ ಬಂದು, ಇನ್ನೊಬ್ಬನ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೀನಲ್ಲ... ಎಂಥವಳು ನಾನು?

ಮೆಟ್ಟಿಲು ಹತ್ತಿ ಅವನ ಮುಂದೆ ದುರ್ಬೀನು ಹಿಡಿದಳು. "ವಾಪಸ್ ತಿರುಗಿಸಿ. ಇನ್ಮೇಲೆ ನನ್ನ ಹತ್ತಿರ ಮಾತಾಡ್ಬೇಡಿ."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಬೇಡ ಅಂದ್ನಲ್ಲ!"

ಅವನು ಬಳೆ ತಿರುಗಿಸಿ ಕೊಟ್ಟ. ಅವಳು ಅವನ ಮುಖ ನೋಡದೆ ಹೊರಟುಬಿಟ್ಟಳು. ಇವಳಿಗೆ ನನ್ನನ್ನು ಕಂಡರೇ ಆಗುವುದಿಲ್ಲವೇನೋ ಅಂದುಕೊಂಡ ಆ ಹುಚ್ಚಪ್ಪ!

ಬೆಳಗ್ಗೆ ಹಡಗು ಹಿಮನದಿಯ ಎದುರು ಇಂಜಿನ್ ನಿಲ್ಲಿಸಿತು. ಎತ್ತರದ ನೀಲಿ ಗೋಡೆ... ಆಗಾಗ ಒಳಗಿನಿಂದ ಲಟಲಟ ಸದ್ದು. ಅತ್ತೆ ಕುರ್ಚಿಯಲ್ಲಿ ಕೂತು ದುರ್ಬೀನು ಕಣ್ಣಿಗಿಟ್ಟರು.

"ಏನೂ ಕಾಣಲ್ಲ ಕಣೇ."

ಅಷ್ಟೇ! ಅವಳ ಕಟ್ಟೆ ಒಡೆಯಿತು. ಅತ್ತೆಯ ಕಾಲ ಹತ್ತಿರ ಕುಸಿದು ಕೂತಳು.

"ಅತ್ತೆ, ನಾನು ಪಾಪಿ. ಅದನ್ನ ನನ್ನ ಕಣ್ಣಿಗೆ ತಿರುಗಿಸಿಕೊಂಡಿದ್ದೆ... ನಿನ್ನೆ ವಾಪಸ್ ಇಡಿಸಿದೆ. ಆದ್ರೆ ಅಷ್ಟು ದಿನ ಎಲ್ಲಾ ಸ್ಪಷ್ಟವಾಗಿ ನೋಡ್ದೆ. ಅವರನ್ನ ಮರೆತು ನಕ್ಕೆ ಅತ್ತೆ!"

ಅತ್ತೆಯ ಮುಖ ಬಿಳಿಚಿತು. ಬೈಯುತ್ತಾರೆ ಎಂದು ತಲೆ ತಗ್ಗಿಸಿದಳು.

"ಏಳೇ... ಪಾಪಿ ನಾನು." ಅತ್ತೆ ಅವಳ ಭುಜ ಹಿಡಿದು ಎತ್ತಿದರು. "ಅವನು ತೀರಿಕೊಂಡ ವಾರವೇ ಇದನ್ನ ಸೆರಗಿನಲ್ಲಿ ಒರೆಸ್ತಾ ಇದ್ದೆ. ಆ ಬಳೆ ಗರಗರ ತಿರುಗಿಹೋಯ್ತು. ಎಲ್ಲಿತ್ತೋ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ನೀನು ಬಂದು 'ಹಾಗೇ ಇರಲಿ ಅತ್ತೆ' ಅಂದೆ. ನನ್ನ ಬಾಯೇ ಕಟ್ಟಿಹೋಯ್ತು..."

"ಅಂದ್ರೆ... ಇದು ಅವರ ನೋಟ ಅಲ್ವಾ?"

"ಯಾರ ನೋಟವೂ ಅಲ್ಲ ಕಣೇ. ಮೂರು ವರ್ಷ ನೀನು ಬರೀ ಮಬ್ಬು ನೋಡ್ತಾ ಕೂತೆ, ನಾನು ಬಾಯಿ ಮುಚ್ಚಿಕೊಂಡು ಕೂತೆ. ಕ್ಷಮಿಸ್ತೀಯಾ?"

ಇಬ್ಬರೂ ತಬ್ಬಿಕೊಂಡು ಅತ್ತರು. ಪಕ್ಕದವರೆಲ್ಲ ಹಿಮನದಿ ಬಿಟ್ಟು ಇವರನ್ನೇ ನೋಡುತ್ತಿದ್ದರು!

ಮೊದಲು ಕಣ್ಣೊರೆಸಿಕೊಂಡವರು ಅತ್ತೆ. ದೂರದಲ್ಲಿ ಮೈಕ್ ಹಿಡಿದು ಮಂಕಾಗಿ ನಿಂತವನ ಕಡೆ ಕೈ ಬೀಸಿದರು.

"ಏನಪ್ಪಾ ಗೈಡು! ನಮ್ಮ ಹುಡುಗಿಯನ್ನ ನಗಿಸಿದವನು ನೀನೇ ತಾನೆ? ಬಾ ಇಲ್ಲಿ. ಮೊದಲು ನನ್ನ ಕಣ್ಣಿಗೆ ಹೊಂದಿಸು, ಆಮೇಲೆ ಇವಳಿಗೆ."

"ಅತ್ತೆ! ನಿಮಗೆ ಹೇಗೆ..."

"ಮಂಡಿ ಹೋಗಿದೆ, ಕಿವಿ ಹೋಗಿಲ್ಲ. ನಿನ್ನ ನಗು ಕ್ಯಾಬಿನ್ ತನಕ ಕೇಳ್ತಿತ್ತು."

ಅವನು ಬಂದು ಅತ್ತೆಯ ಕಣ್ಣಿಗೆ ಹೊಂದಿಸಿಕೊಟ್ಟ. ಅಷ್ಟರಲ್ಲಿ ಗುಡುಗಿನಂಥ ಸದ್ದು! ನೀಲಿ ಗೋಡೆಯ ದೊಡ್ಡ ತುಂಡೊಂದು ಕಳಚಿ ನೀರಿಗೆ ಬಿತ್ತು. ಹೊಂದಿಸಿದ ದುರ್ಬೀನಿನಲ್ಲಿ ಅತ್ತೆ ಅದನ್ನು ಕಣ್ತುಂಬ ನೋಡಿದರು. "ನೋಡಿದ್ಯೇನೋ ಮಗನೇ..." ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ದುರ್ಬೀನನ್ನು ಸೊಸೆಯ ಕೊರಳಿಗೆ ಹಾಕಿ, ಬೇಕಂತಲೇ ಆ ಕಡೆ ತಿರುಗಿ ಕೂತರು.

ಅವನು ಬಳೆಯ ಮೇಲೆ ಬೆರಳಿಟ್ಟ. "ಎಲ್ಲಿಗೆ ತಿರುಗಿಸ್ಲಿ ಟೀಚರ್?"

"ನನ್ನ ಕಣ್ಣಿಗೆ." ಅವಳು ದುರ್ಬೀನು ಎತ್ತಿ ಹಿಡಿದಳು. "ನಿನ್ನೆ ಬೇಡ ಅಂದಿದ್ದು ನಿಮ್ಮನ್ನಲ್ಲ... ನಿಮ್ಮ ಜೊತೆ ಇದ್ದಾಗ ಖುಷಿಯಾಗಿದ್ದ ನನ್ನನ್ನ."

"ನನಗೆ ಅವಳು ತುಂಬಾ ಇಷ್ಟ."

"ನನಗೂ... ನೀವು ಇಷ್ಟ. ಆದ್ರೆ ನಗುವಾಗ ಮಧ್ಯದಲ್ಲಿ ಅಳು ಬರುತ್ತೆ ರೀ. ಅವರು ಇದನ್ನೆಲ್ಲ ನೋಡ್ಬೇಕಿತ್ತು ಅನ್ಸುತ್ತೆ. ಪರವಾಗಿಲ್ವಾ?"

ಅವನು ಬಳೆಯನ್ನು ಸ್ವಲ್ಪವೇ ತಿರುಗಿಸಿದ.

"ಅವರ ಬಗ್ಗೆ ನನಗೂ ಹೇಳಿ. ಯಾವ ಹಕ್ಕಿ ಅಂದ್ರೆ ಇಷ್ಟ ಇತ್ತು ಅವರಿಗೆ?"