ಒಂದು ಸಾಲೂ ಬಿಡಬಾರದು

ಅವಳ ಅಪ್ಪ ತೀರಿಕೊಂಡರೆಂದು ಆಸ್ಪತ್ರೆಯಿಂದ ಸುದ್ದಿ ಬಂದ ದಿನವೇ ಅವರ ಕೊನೆಯ ಕೆಲಸಕ್ಕೂ ತಡೆ ಬಿತ್ತು. ತಡೆ ಹಾಕಿದವನು ತಕರಾರಪ್ಪ.

ಯಾರು ಏನು ಬರೆದರೂ ತಪ್ಪು ಹುಡುಕುತ್ತಿದ್ದನೆಂದು ಕಚೇರಿಯವರು ಅವನಿಗಿಟ್ಟ ಹೆಸರದು. ಆದರೂ ಅದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವಳ ಮನಸ್ಸಿನಲ್ಲಿ ಅವನಿಗೊಂದು ಜಾಗವಿತ್ತು... ಆ ದಿನದವರೆಗೆ.

ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಕಚೇರಿ ಅದು. ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಲೈಬ್ರರಿಯಲ್ಲಿ, ಸಾಲಿಗೊಬ್ಬರಂತೆ ಜನರ ವಿವರವಿರುವ ಕೋಷ್ಟಕದ ಫೈಲುಗಳನ್ನು ಓದುವ ಭಾಗವನ್ನು ಬರೆದವರು ಅಪ್ಪ. ಒಂದೇ ಚೌಕದಲ್ಲಿ ವಿಳಾಸ ಎರಡು ಸಾಲಾಗಿದ್ದರೆ ಅದು ಎಡವುತ್ತಿತ್ತು. ಉಳಿದರ್ಧವನ್ನು ಬೇರೊಬ್ಬ ಮನುಷ್ಯನೆಂದು ಓದಿಬಿಡುತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೊರಗಿ ಅಪ್ಪ ಅದನ್ನು ಸರಿಪಡಿಸಿದ್ದರು.

ಸಾಯುವವರ ಕೆಲಸಕ್ಕೂ ತಕರಾರೇ? ಮತ್ತೆ ಕಚೇರಿಗೆ ಬಂದಾಗ ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

ಸಭೆಯಲ್ಲಿ ಮ್ಯಾನೇಜರು ಸಮಾಧಾನದ ಮಾತಾಡಿದರು. ಅಪ್ಪನ ಕೆಲಸವನ್ನು ಸೇರಿಸೋಣ, ಆದರೆ ಓದಲಾಗದ ಸಾಲು ಸಿಕ್ಕರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಲಿ, ವೇಗ ಹೆಚ್ಚುತ್ತದೆ, ಹೆಸರು ಅಪ್ಪನದೇ ಇರಲಿ ಎಂದರು.

ಅವಳು ಎದ್ದು ನಿಂತಳು.

"ಒಂದು ಸಾಲು ಅಂದ್ರೆ ಯಾರೋ ಒಬ್ರು, ಸಾರ್. ಓದೋಕಾಗದಿದ್ರೆ ನಿಂತು, ಎಲ್ಲಿ ಅಂತ ಹೇಳ್ಬೇಕು. ಅಪ್ಪ ಬರೆದಿರೋದು ಹಾಗೇ. ಅದನ್ನ ಕೆಡಿಸೋದಾದ್ರೆ ನನ್ನದೂ ತಡೆ."

"ನೀನೂ ತಕರಾರಪ್ಪನ ಪಾರ್ಟಿ ಸೇರ್ಕೊಂಡ್ಯಾ? ಈ ಬದಲಾವಣೆ ಮಾಡೋಣ ಅಂತ ನಾನಂದ ದಿನದಿಂದ ಅವನೂ ಇದನ್ನೇ ಹೇಳಿ ಅಡ್ಡ ಕೂತಿದ್ದಾನೆ."

ಅವಳು ತಕರಾರಪ್ಪನತ್ತ ತಿರುಗಿ ನೋಡಿದಳು. ಹಾಗಾದರೆ ಅವನು ತಡೆದದ್ದು ಅಪ್ಪನನ್ನಲ್ಲ, ಅಪ್ಪ ಬರೆದದ್ದನ್ನು ಕೆಡಿಸುವುದನ್ನು...

ಇಬ್ಬರು ತಡೆದದ್ದನ್ನು ಯಾರೂ ದಾಟಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಮ್ಯಾನೇಜರು ಮುಖ ಗಂಟಿಕ್ಕಿಕೊಂಡು, ಅಪ್ಪ ಬರೆದಂತೆಯೇ ಸೇರಿಸಲು ಒಪ್ಪಿದರು.

ಹೊರಗೆ ಮೆಟ್ಟಿಲ ಬಳಿ ಅವಳು ಅವನನ್ನು ನಿಲ್ಲಿಸಿದಳು.

"ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಅಪ್ಪನ್ನ ಕಳ್ಕೊಂಡು ಕೂತೋರ ಹತ್ರ ಫೈಲಿನ ಮಾತಾಡ್ಲಾ?"

"ಇವತ್ತು ಮಾತಾಡಿ."

ಅವನು ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದ.

"ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಇದೊಂದರಲ್ಲಿ ತಪ್ಪು ಹುಡುಕೋಕೆ ನನ್ ಕೈಲಿ ಆಗ್ಲಿಲ್ಲ."

"ನಾನು ಹುಡುಕೋಕೂ ಹೋಗಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಸಂಜೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು, ಅಪ್ಪ ಸರಿಪಡಿಸಿದ ಭಾಗದ ಮೊದಲ ಪರೀಕ್ಷೆಗೆ ಅಪ್ಪನ ಹೆಸರನ್ನೂ ಅವರ ಎರಡು ಸಾಲಿನ ವಿಳಾಸವನ್ನೂ ಕೊಟ್ಟರು. ಒಡೆಯದೆ, ಒಬ್ಬನೇ ಮನುಷ್ಯನಾಗಿ ಅಪ್ಪ ಪರದೆಯ ಮೇಲೆ ಬಂದರು. ಅವಳ ಕೈ ತಾನಾಗಿಯೇ ಅವನ ಕೈ ಹಿಡಿಯಿತು.

ಯಾರನ್ನೂ ಬಿಡದೆ ಲೆಕ್ಕದಲ್ಲಿಟ್ಟುಕೊಳ್ಳುವ ಭಗವಂತಾ, ಆ ಹಿರಿಯ ಜೀವಕ್ಕೆ ನಿನ್ನ ಬಳಿ ಶಾಂತಿ ಸಿಗಲಿ.