ಅಕ್ಕನ ಕಣ್ಣಿನ ನಕ್ಷೆ

"ಗದ್ದ ಇಲ್ಲಿ ಇಡ್ರಿ. ನಡುವಿನ ಲೈಟ್ ನೋಡ್ರಿ. ರೆಪ್ಪಿ ಬಡೀಬ್ಯಾಡ್ರಿ."

ನರ್ಸ್ ಹೇಳಿದಂತೆ ಸಪ್ನಾ ಮಷೀನಿನ ಮೇಲೆ ಗದ್ದ ಇಟ್ಟಳು. ಪಕ್ಕದ ಸ್ಕ್ರೀನಿನಲ್ಲಿ ಅವಳ ಕಣ್ಣಿನ ನಕ್ಷೆ ಮೂಡಿತು. ಹಸಿರು, ಹಳದಿ, ಕೆಳಗೊಂದು ಕಡೆ ಕೆಂಪು.

ತಂಗಿ ಪ್ರಿಯಾ ಅವ್ವನ ಪಕ್ಕ ಕೂತು ನೋಡುತ್ತಿದ್ದಳು. ಅವಳು ಐದನೇ ಕ್ಲಾಸು. ಕಾಲೇಜಿಗೆ ಹೋಗುವ ಅಕ್ಕನಿಗೆ ಲೇಸರ್ ಮಾಡಿಸಿ, ದಪ್ಪ ಕನ್ನಡಕ ಬಿಡಿಸಬೇಕೆಂದು ಮೂವರೂ ಗುಳೇದಗುಡ್ಡದಿಂದ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಬಂದಿದ್ದರು.

ಡಾಕ್ಟರ್ ಆಯೇಶಾ ಆ ಕೆಂಪು ಜಾಗವನ್ನೇ ನೋಡಿದರು. "ಇಲ್ಲಿ ಬರೂ ಮೊದಲ ಎರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೋಬಾರದು ಅಂತ ಫೋನಿನ್ಯಾಗ ಹೇಳಿದ್ವಲ್ಲ. ಬಿಟ್ಟೀರಿಲ್ಲ?"

"ಬಿಟ್ಟೇನ್ರಿ ಮೇಡಂ," ಎಂದಳು ಸಪ್ನಾ.

ಪ್ರಿಯಾ ಥಟ್ಟನೆ ಅಕ್ಕನ ಕಡೆ ನೋಡಿದಳು.

ಮೊನ್ನೆ ಶನಿವಾರ ಪ್ರಿಯಾಳ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಇತ್ತು. ಅಕ್ಕ ಹೊರಡುವಾಗ ಪ್ರಿಯಾ, "ಆ ಕನ್ನಡಕಾ ಹಾಕ್ಕೊಂಡು ಬರಬ್ಯಾಡ. ಎಲ್ಲಾರೂ ಸೋಡಾಬುಡ್ಡಿ ಅಂತಾರ. ನನಗ ನಾಚಿಗಿ ಆಗ್ತೈತಿ," ಎಂದಿದ್ದಳು. ಅಕ್ಕ ಒಳಗೆ ಹೋಗಿ ಲೆನ್ಸ್ ಹಾಕಿಕೊಂಡು ಬಂದಿದ್ದಳು. ಪ್ರಿಯಾಳ ಡ್ಯಾನ್ಸ್ ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ.

ಡಾಕ್ಟರ್ ಅವ್ವನ ಕಡೆ ತಿರುಗಿದರು. "ಕಣ್ಣಿನ ಮುಂದ ಗಾಜಿನಂಥಾ ಪದರ ಇರ್ತೈತಿ. ಕಾರ್ನಿಯಾ ಅಂತಾರ. ಅದು ಗುಂಡಗ ಇರಬೇಕು. ಇವರದು ಈ ಕೆಂಪು ಇದ್ದಲ್ಲಿ, ಕೆಳಗ ಉಬ್ಬಿ ಕೋನ್ ಆಗಾಕತ್ತಂಗ ಕಾಣ್ತೈತಿ. ಅಂಥಾ ಕಣ್ಣಿಗೆ ಲೇಸರ್ ಮಾಡಿದ್ರ ಆ ಪದರ ಇನ್ನೂ ತೆಳ್ಳಗಾಗಿ, ಇದ್ದ ದೃಷ್ಟಿನೂ ಕೆಡ್ತೈತಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮೇಡಂ..." ಪ್ರಿಯಾ ಎದ್ದು ನಿಂತಳು. "ಅಕ್ಕ ಮೊನ್ನೆ ಲೆನ್ಸ್ ಹಾಕಿದ್ಳ್ರಿ. ನನ್ನ ಸಲುವಾಗಿ."

"ನಿನ್ನ ಸಲುವಾಗಿ? ಯಾಕ?" ಅವ್ವ ಕೇಳಿದಳು.

ಪ್ರಿಯಾ ತನ್ನ ಚಪ್ಪಲಿ ನೋಡಿದಳು. "ಆಕಿ ಕನ್ನಡಕಾ ಹಾಕ್ಕೊಂಡು ಬಂದ್ರ... ನನಗ ನಾಚಿಗಿ ಅಂದಿದ್ದೆ."

ನರ್ಸ್ ಕೂಡ ತಿರುಗಿ ನೋಡಿದಳು. ಪ್ರಿಯಾಳ ಕಿವಿ ಸುಡತೊಡಗಿದವು.

"ಹೇಳಿದ್ರ ಇವತ್ತು ಚೆಕ್ ಮಾಡೂದಿಲ್ಲ ಅಂತೀರಂತ ಸುಳ್ಳು ಹೇಳಿದ್ನಿರಿ," ಎಂದಳು ಸಪ್ನಾ ಮೆಲ್ಲಗೆ.

"ಲೆನ್ಸ್ ಹಾಕಿದ್ರೂ ಕಾರ್ನಿಯಾದ ಆಕಾರ ಹಿಂಗ ಬದಲಾಗಬಹುದು. ಇವತ್ತಿನ ನಕ್ಷಾ ನಂಬಾಕ ಬರೂದಿಲ್ಲ," ಎಂದರು ಡಾಕ್ಟರ್. "ಲೆನ್ಸ್ ಮುಟ್ಟಬ್ಯಾಡ್ರಿ. ಮುಂದಿನ ತಿಂಗಳ ಬರ್ರಿ."

ಆ ತಿಂಗಳು ಅಕ್ಕ ಒಮ್ಮೆಯೂ ಬಯ್ಯಲಿಲ್ಲ. ದಿನಾ ಮುಂಜಾನೆ ಎಂದಿನಂತೆ ತಂಗಿಗೆ ಜಡೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು ಪ್ರಿಯಾಳಿಗೆ. ಆ ಕೆಂಪು ಹೋಗಿರಲಿ, ಅಷ್ಟೇ ಅವಳ ಬೇಡಿಕೆ.

ಎರಡನೇ ಸಲದ ನಕ್ಷೆಯಲ್ಲೂ ಕೆಂಪು ಅಲ್ಲೇ ಇತ್ತು.

"ಇದು ಲೆನ್ಸಿನಿಂದ ಆದದ್ದಲ್ಲ, ಕಣ್ಣಿನ ಆಕಾರನ ಹಂಗೈತಿ," ಎಂದರು ಡಾಕ್ಟರ್. "ಲೇಸರ್ ಬ್ಯಾಡ. ಕನ್ನಡಕದಾಗ ಚೊಲೋ ಕಾಣ್ತೈತಲ್ಲ, ಅದನ್ನ ಹಾಕ್ಕೋರಿ. ಆರು ತಿಂಗಳಿಗೊಮ್ಮೆ ಬಂದು ತೋರಸ್ರಿ. ಕಣ್ಣು ಮಾತ್ರ ಉಜ್ಜಬ್ಯಾಡ್ರಿ. ಉಜ್ಜಿದ್ರ ಇನ್ನೂ ಜಾಸ್ತಿ ಆಗ್ತೈತಿ."

ಬಸ್ಸಿನಲ್ಲಿ ಅವ್ವನಿಗೆ ಮುಂದೆ ಸೀಟು ಸಿಕ್ಕಿತು. ಅಕ್ಕ ತಂಗಿ ಹಿಂದೆ ಕೂತರು.

"ಅಕ್ಕಾ, ನಾ ಹಂಗ ಅನ್ನಬಾರದಿತ್ತು."

ಸಪ್ನಾ ಕನ್ನಡಕ ಸರಿಮಾಡಿಕೊಂಡಳು. "ನೀ ಅಂದಿದ್ದಕ್ಕಷ್ಟ ಲೆನ್ಸ್ ಹಾಕಿದ್ದಲ್ಲವ್ವಾ. ನನಗೂ ನಾಚಿಗಿ ಇತ್ತು."

ಇದು ಪ್ರಿಯಾಳಿಗೆ ಗೊತ್ತೇ ಇರಲಿಲ್ಲ.

ಕಿಟಕಿಯಿಂದ ಧೂಳು ಒಳಗೆ ನುಗ್ಗಿತು. ಸಪ್ನಾಳ ಬೆರಳು ಕನ್ನಡಕದ ಕೆಳಗೆ ಹೋಯಿತು. ಪ್ರಿಯಾ ಗಪ್ಪನೆ ಆ ಕೈ ಹಿಡಿದುಕೊಂಡಳು.

"ತುರಸ್ತೈತಿ, ಬಿಡವಾ!" ಅಕ್ಕ ನಕ್ಕಳು.

"ಊಹೂಂ."

ಗುಳೇದಗುಡ್ಡದಲ್ಲಿ ಇಳಿಯುವಾಗಲೂ ಅವಳು ಆ ಕೈ ಹಿಡಿದೇ ಇದ್ದಳು. ಬಸ್ ಸ್ಟ್ಯಾಂಡಿನ ತುಂಬ ಜನ. ಯಾರು ತಮ್ಮನ್ನು ನೋಡುತ್ತಿದ್ದಾರೆಂದು ಪ್ರಿಯಾ ತಿರುಗಿಯೂ ನೋಡಲಿಲ್ಲ.