ಎಣ್ಣೆದೇಶದ ಕಥೆಗೆ ಒಂದು ಹೂಂ

ಏಳು ಕಡಲಿನಾಚೆ, ಅಜ್ಜಿಯರ ಅಜ್ಜಿಗೂ ನೆನಪಿಲ್ಲದ ಕಾಲದಿಂದ ಒಂದು ದೇಶವಿತ್ತಂತೆ. ನೆಲದಡಿ ಎಣ್ಣೆಯ ಹೊಳೆ, ಮೇಲಿನ ಗುಡಿಸಲುಗಳಲ್ಲಿ ಕತ್ತಲೆ.

ಭೇರ್ಯ ಎಂಬ ಊರಿನ ಕೆರೆಯೇರಿಯ ಮೇಲೆ ನೀಲಕಂಠಸ್ವಾಮಿ ಕಥೆಯನ್ನು ಹೀಗೆ ಶುರುಮಾಡಿದಾಗ ನೀಲಾಂಬಿಕೆ "ಹೂಂ" ಎಂದಳು.

ಕೇಳುವವರು ಹೂಂಗುಟ್ಟಬೇಕೆಂಬುದು ಅವಳಜ್ಜಿ ಗುರುಶಾಂತಮ್ಮನ ಕಟ್ಟಳೆ. "ಹೂಂ ನಿಂತ್ರೆ ಕಥೆ ನಿಲ್ಲುಸ್ಬೇಕು ಕಣವ್ವ. ಕೇಳೋರು ನಿದ್ದೆ ಹೋಗವ್ರೆ, ಇಲ್ಲಾ ನಂಬ್ತಿಲ್ಲ."

ಅವರಿಬ್ಬರನ್ನು ಕೂಡಿಸಿದ್ದೂ ಆ ಅಭ್ಯಾಸವೇ. ಅಮೆರಿಕ ಸರ್ಕಾರದವರ ಪ್ರಚಾರದ ಸಿನಿಮಾ ವ್ಯಾನು ಊರಿಗೆ ಬಂದಾಗ, ಇಂಗ್ಲಿಷ್ ಚಿತ್ರದ ಮಾತನ್ನು ಮೈಕಿನಲ್ಲಿ ಕನ್ನಡಕ್ಕೆ ತಂದು ಹೇಳುವವನು ಹುಣಸೂರಿನ ಈ ನೀಲಕಂಠಸ್ವಾಮಿ. ಮಲೇರಿಯಾ ಸೊಳ್ಳೆಯ ಕಥೆಗೆ, ಹಗ್ಗ ಕಟ್ಟಿ ಬೇರೆ ಮಾಡಿದ್ದ ಹೆಂಗಸರ ಕಡೆಯಿಂದ ಅವಳು ಮೈಮರೆತು "ಹೂಂ" ಅಂದುಬಿಟ್ಟಳು. ಮೈದಾನವೆಲ್ಲ ನಕ್ಕಿತು.

"ಆ ಕಡೆ ಒಬ್ರಾದ್ರೂ ಕೇಳ್ತಾವ್ರೆ," ಎಂದ ಅವನು, ಮೈಕಿನಲ್ಲೇ.

ಆಮೇಲೆ ಬಂದಾಗಲೆಲ್ಲ ಅವಳ ಹೂಂಗಾಗಿ ಕಾಯುವುದು ಅವನ ಚಾಳಿ. ಅವನ ಕಣ್ಣು ಹಗ್ಗದಾಚೆ ಹುಡುಕುತ್ತಿದ್ದರೆ ಅವಳು ಸೆರಗಿನಲ್ಲಿ ನಗು ಮುಚ್ಚುವಳು. ಕೊನೆಗೆ ಅವಳಪ್ಪ ಕಂಠಪ್ಪ ಮದುವೆಗೆ ಒಪ್ಪಿದ, ಒಂದು ಮಾತಿನ ಮೇಲೆ: "ಅಮೆರಿಕದೋರ ಆಪೀಸಿನ ಕೆಲ್ಸ ಗಟ್ಟಿಯಾಗಿದ್ರೆ ಮಾತ್ರ ಹೆಣ್ಣು."

ಇವತ್ತು ಅಜ್ಜಿ ಏರಿಯ ಕೆಳಗೆ ಸೊಪ್ಪು ಕೀಳುತ್ತ ಕಿವುಡಿಯಂತೆ ನಟಿಸುತ್ತಿದ್ದಳು.

"ಪರ್ಷಿಯಾ ಅಂತ ಆ ದೇಶ. ಅಲ್ಲಿ ಒಬ್ಬ ಮುದುಕ ಪ್ರಧಾನಿಯಾದ. ನಮ್ಮ ನೆಲದ ಎಣ್ಣೆ ಬ್ರಿಟಿಷ್ ಕಂಪನೀದಲ್ಲ, ನಮ್ದು ಅಂದ."

"ಹೂಂ. ಆಮೇಲೆ?"

"ಆಮೇಲಿಂದು ಮದ್ವೆ ಆದ್ಮೇಲೆ."

"ಅರ್ಧ ಕಥೆ ಕೊಟ್ಟು ಪೂರ್ತಿ ಹೆಣ್ಣು ಕೇಳ್ತೀರಾ?"

ಅವನು ನಕ್ಕ. "ಪೂರ್ತಿ ಹೇಳ್ತೀನಿ. ಮಾತು ಕೊಟ್ಟೆ." ನಗು ಅಲ್ಲೇ ಆರಿತು. "ಈ ಸಂಜೆ ಫಿಲಂ ಆ ದೇಶದ್ದೇ. ಮೇಲಿನೋರು ಬರ್ಕೊಟ್ಟಿದ್ದನ್ನೇ ಓದ್ಬೇಕು. ಬೇರೆ ಹೇಳಿದ್ರೆ ಕೆಲ್ಸ ಹೋಯ್ತದೆ."

"ಬರ್ಕೊಟ್ಟಿರೋದು ಸುಳ್ಳಾ?"

ಅವನು ಗರಿಕೆಯೊಂದನ್ನು ಕಿತ್ತು ಸೀಳಿದ. "ನೀವು ಹೂಂ ಅಂದ್ಬುಡಿ. ನಮ್ಮ ಮದ್ವೆಗೋಸ್ಕರ."

ಕತ್ತಲಾಗುತ್ತಲೇ ಪರದೆ ಬೆಳಗಿತು. ತೆಂಗಿನಮರಕ್ಕಿಂತ ಎತ್ತರದ ಕಬ್ಬಿಣದ ಗೋಪುರಗಳು, ಹಾಲು ಕುಡಿಯುವ ಮಕ್ಕಳು. ಆಮೇಲೆ ಹಾಸಿಗೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವ ಒಬ್ಬ ಮುದುಕ.

"ಈ ಹುಚ್ಚನನ್ನು ಜನರೇ ಓಡಿಸಿದರು," ಎಂದು ಓದಿದ ನೀಲಕಂಠಸ್ವಾಮಿ. "ಅಮೆರಿಕ ಅವರಿಗೆ ಸ್ನೇಹದ ಕೈ ಚಾಚಿತು."

ಓದಿ, ಎಂದಿನಂತೆ ಕಾದ. ಊರೆಲ್ಲ ಅವಳ ಕಡೆ ತಿರುಗಿತು.

ಒಂದು ಹೂಂ. ಅಷ್ಟಂದರೆ ಸಾಕು, ಕಾಲಿಗೆ ಕಾಲುಂಗುರ, ಹುಣಸೂರಿನ ಮನೆ, ದಿನವೂ ಆ ದನಿ. ಮನೆಯ ಸೀಮೆಎಣ್ಣೆ ಬುಡ್ಡಿ ನೆನಪಾಯಿತು. ಅದರ ಬೆಳಕಿನಲ್ಲೇ ಅಲ್ಲವೇ ಅವಳು ಕಥೆ ನಂಬುವುದನ್ನು ಕಲಿತದ್ದು? ಅಜ್ಜಿಯ ಮುಖ ನೋಡಿದಳು. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು.

ನೀಲಾಂಬಿಕೆ ಸೆರಗು ಕಚ್ಚಿ ಸುಮ್ಮನಾದಳು.

"ಓದಿ ಸ್ವಾಮಿ, ರೀಲು ಓಡ್ತಾ ಅದೆ," ಎಂದ ಡ್ರೈವರ್ ಚಿಕ್ಕಮಾದು.

ನೀಲಕಂಠಸ್ವಾಮಿ ಬೆಳಕಿನ ಕೋಲಿನಾಚೆಗೆ ಅವಳನ್ನೇ ನೋಡಿದ. ಹಾಳೆ ಮಡಿಸಿ ಜೇಬಿಗಿಟ್ಟ.

"ಜನ ಓಡಿಸ್ಲಿಲ್ಲ," ಅಂದ. "ಬ್ರಿಟಿಷರು ಆ ಎಣ್ಣೆ ಯಾರೂ ಕೊಳ್ದಂಗೆ ಮಾಡಿ ಮೊದ್ಲು ದೇಶಾನ ಒಣಗಿಸಿದ್ರು. ಬೀದಿ ಜಗಳದ ಹಿಂದೆ ಹೊರಗಿನ ಕೈ ಇತ್ತು ಅಂತ ಕೆಲವು ಪೇಪರ್‌ನೋರು ಬರೀತಾರೆ. ನಂಗೂ ಅಂಗೇ ಅನ್ನಿಸ್ತದೆ. ಟ್ಯಾಂಕು ಬಂದ್ವು..."

ಚಿಕ್ಕಮಾದು ಮೈಕಿನ ತಂತಿ ಎಳೆದ. ನೀಲಕಂಠಸ್ವಾಮಿ ವ್ಯಾನು ಬಿಟ್ಟು ಜನರ ನಡುವೆ ಬಂದ.

ಕಂಠಪ್ಪ ಎದ್ದು ನಿಂತ. "ಕೆಲ್ಸ ಕಳ್ಕಂಡೆ ಕಣಪ್ಪ. ನನ್ ಮಾತೂ ಅಲ್ಲಿಗೇ ಹೋಯ್ತು."

"ಕುಂತ್ಕೊಳ್ಳಲಾ ಕಂಠ," ಎಂದಳು ಅಜ್ಜಿ. "ಕಥೆ ಮುಗ್ದಿಲ್ಲ."

ತಾಯಿಯ ಮಾತಿಗೆ ಅವನು ಕೂತ.

"ಮುದುಕನ್ನ ಜೈಲಿಗೆ ಹಾಕಿದ್ರು," ಎಂದ ನೀಲಕಂಠಸ್ವಾಮಿ. "ಎಣ್ಣೇಲಿ ಅಮೆರಿಕದ ಕಂಪನಿಗಳಿಗೂ ಪಾಲು ಸಿಕ್ತು. ಗುಡಿಸಲುಗಳಲ್ಲಿ ಇವತ್ತೂ ಕತ್ತಲೆ." ಅವನು ಅವಳ ಕಡೆ ತಿರುಗಿದ. "ಅಲ್ಲಿಗೆ ಕಥೆ ಪೂರ್ತಿ ಆಯ್ತು, ನೀಲಾಂಬಿಕೆಯವ್ರೆ."

ಊರೆಲ್ಲ ನೋಡುತ್ತಿದ್ದಂತೆ ಅವಳು ಎದ್ದಳು. ಹಗ್ಗ ಎತ್ತಿ ದಾಟಿ, ಅವನೆದುರು ನಿಂತು, "ಹೂಂ" ಎಂದಳು.